ಗಿಲಕಿ ಹಾವಿನ ಸದ್ದು

ಲೀಟಾ ಅಪ್ಪನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಮುದುಕ ವರ್ನನ್ ಗಾಳದ ಕೋಲಿನ ಸಮೇತ ಹೊಳೆಯ ದಡದಲ್ಲಿ ಕುಸಿದು ಕೂತ.

"ಹುಚ್ಚು ಹಿಡೀತೇನೆ ನಿಂಗೆ? ಮೀನು ಇನ್ನೇನು ಕಚ್ತಿತ್ತು."

"ಮೀನಲ್ಲ ಅಪ್ಪ, ಅದು ಕಚ್ತಿತ್ತು. ಅಲ್ನೋಡು."

ಅವನು ಕಾಲಿಡಲಿದ್ದ ಬಂಡೆಯ ಮೇಲೆ ಗಿಲಕಿ ಹಾವೊಂದು ಸುರುಳಿ ಸುತ್ತಿಕೊಂಡು, ಬಾಲದ ತುದಿಯ ಗಿಲಕಿಯನ್ನು ಗಿಲಗಿಲನೆ ಅದುರಿಸುತ್ತಿತ್ತು. ಹೊಳೆಯ ಮೊರೆತವನ್ನೂ ಮೀರಿ ಆ ಸದ್ದು ಲೀಟಾಳಿಗೆ ಕೇಳುತ್ತಿತ್ತು.

ವರ್ನನ್ ಆ ಬಾಲವನ್ನೇ ನೋಡಿದ. "ಸದ್ದು ಮಾಡ್ತಿದೆಯಾ ಅದು?"

"ಆಗ್ಲಿಂದ ಮಾಡ್ತಿದೆ."

ಅಮೆರಿಕದ ಐಡಹೊ ಬೆಟ್ಟಗಳ ಈ ಕಣಿವೆಯಲ್ಲಿ ಹಾವುಗಳೆಲ್ಲ ಮುಗಿದುಹೋದವು ಎಂದು ಅವನು ಕೆಲವು ವರ್ಷಗಳಿಂದ ಊರಿಗೆಲ್ಲ ಹೇಳುತ್ತ, ಒಬ್ಬನೇ ಇಲ್ಲಿಗೆ ಹತ್ತಿ ಬರುತ್ತಿದ್ದ; ಇವತ್ತು ಮಾತ್ರ ಲೀಟಾ ಜೊತೆಗೆ ಬಂದಿದ್ದಳು. ತನ್ನದು ಎನ್ನಲು ಅವನಿಗೆ ಉಳಿದಿದ್ದು ಆ ಒಂಟಿ ದಿನಗಳು ಮಾತ್ರ. ಹಾವುಗಳು ಎಲ್ಲಿಗೂ ಹೋಗಿರಲಿಲ್ಲ. ಬೇಸಿಗೆ ಬೇಸಿಗೆಯೂ ಅವನನ್ನು ಎಚ್ಚರಿಸುತ್ತಲೇ ಇದ್ದವು. ಅವನ ಕಿವಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಹಾವು ಬಂಡೆಯ ಸಂದಿಗೆ ಸರಿದುಹೋಯಿತು. ವರ್ನನ್ ಗಾಳದ ದಾರ ಸುತ್ತತೊಡಗಿದ.

"ಇನ್ಮೇಲೆ ಪ್ರತಿ ಸಲ ನಾನೂ ಜೊತೆಗೆ ಬರ್ತೀನಿ ಅಪ್ಪ," ಎಂದಳು ಲೀಟಾ. "ನೀನು ಮೀನು ಹಿಡಿ. ನಾನು ಸದ್ದು ಕೇಳಿಸ್ಕೋತಾ ಕೂತಿರ್ತೀನಿ."

"ಬೇಡ," ಎಂದ ಅವನು. "ಕಾವಲಿಟ್ಕೊಂಡು ನಾನು ಮೀನು ಹಿಡಿಯಲ್ಲ."