ಮುಚ್ಚಳದ ಅಳತೆ

"ಮಾವ, ಕೆಂಪಿ ತಲೆ ಬಗ್ಸಿ ಹಿಡ್ಕಳಿ, ಜೊಲ್ಲು ಗಂಟ್ಲಿಗೆ ಇಳ್ದ್ಬುಡ್ತದೆ," ಎಂದು ಪವಿತ್ರ ಹಿಂದಕ್ಕೆ ತಿರುಗದೆಯೇ ಹೇಳಿದಳು. ಸ್ಕೂಟರು ಅಕ್ಕಿಹೆಬ್ಬಾಳು ಬಿಟ್ಟು ಕೆ.ಆರ್.ಪೇಟೆ ರಸ್ತೆಗೆ ಬಿದ್ದಿತ್ತು. ಹಿಂದೆ ಕೂತಿದ್ದ ಚಲುವಯ್ಯನ ತೊಡೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಕೆಂಪಿ ನಡುಗುತ್ತಿತ್ತು. ಬೆಳಿಗ್ಗೆ ಹಾಲು ಕರೆಯುವಾಗ ಬಾಲ ಆಡಿಸಿಕೊಂಡು ಕೊಟ್ಟಿಗೆಯಲ್ಲಿ ಓಡಾಡಿಕೊಂಡಿದ್ದ ನಾಯಿ ಹತ್ತು ಗಂಟೆಗೆಲ್ಲ ಕಾಲು ಸೋತು ಬಿದ್ದಿತ್ತು. ಯಾಕೆ ಅಂತ ಪವಿತ್ರಳಿಗೆ ಗೊತ್ತಿರಲಿಲ್ಲ. ಚಲುವಯ್ಯನಿಗೆ ಗೊತ್ತಿತ್ತು.

ಸೊಸೆ ಕೆಂಪಿಯನ್ನು ತಂದು ಇನ್ನೂ ತಿಂಗಳಾಗಿರಲಿಲ್ಲ. ಊರಲ್ಲಿ ನಾಯಿಮರಿ ಬೇಕೆಂದರೆ ಯಾವ ಬೇಲಿ ಬುಡದಲ್ಲಾದರೂ ನಾಲ್ಕು ಸಿಗುತ್ತವೆ. ಈ ಮಹರಾಯ್ತಿ ಬೆಳಗೊಳದ ಹತ್ತಿರ ಬೀದಿನಾಯಿಗಳನ್ನು ಸಾಕುವ ಶೆಡ್ಡಿಗೆ ಹೋಗಿ, ಆಧಾರ್ ಜೆರಾಕ್ಸು ಕೊಟ್ಟು, ಎರಡು ಹಾಳೆಗೆ ಸೈನು ಹಾಕಿ, ಮರಿಯಾಗದ ಆಪರೇಷನ್ನಾಗಿ ಗುರುತಿಗೆ ಕಿವಿತುದಿ ಕತ್ತರಿಸಿದ್ದ ಬೆಳೆದ ನಾಯಿಯನ್ನು ತಂದಳು. ಸದಾ ಕಟ್ಟಿ ಹಾಕಬಾರದು, ರಾತ್ರಿ ಹೊರಗೆ ಬಿಡಬಾರದು, ವರ್ಷಕ್ಕೊಮ್ಮೆ ಸೂಜಿ ಹಾಕಿಸಬೇಕು, ಡಾಕ್ಟರನ್ನು ಕೇಳದೆ ಔಷಧಿ ಮುಟ್ಟಿಸಬಾರದು, ತಪ್ಪಿದರೆ ನಾಯಿ ವಾಪಸ್ಸು. ಇದನ್ನೆಲ್ಲ ಅವಳು ಓದಿ ಹೇಳಿದಾಗ ಚಲುವಯ್ಯ ಎಲೆಯಡಿಕೆ ಉಗಿದು ನಕ್ಕಿದ್ದ. "ಹೆಣ್ಣು ಕೊಡೋರೂ ಇಷ್ಟ್ ಕೇಳಲ್ಲ ಕಣವ್ವ."

ನಗದೆ ಇನ್ನೇನು ಮಾಡಿಯಾನು? ಊರಲ್ಲಿ ಅವನಿಗೆ ಅರ್ಧ ಡಾಕ್ಟ್ರು ಅಂತಲೇ ಹೆಸರು. ಕೆಚ್ಚಲುಬಾವಾಗಲಿ, ಹೊಟ್ಟೆಯುಬ್ಬರವಾಗಲಿ, ಜನ ಮೊದಲು ಬರುತ್ತಿದ್ದುದು ಅವನ ಜಗಲಿಗೆ. ಬಂದವರನ್ನು ಅವನು ಕೇಳುತ್ತಿದ್ದ ಮೊದಲ ಮಾತು ಒಂದೇ: "ಏನ್ ತಿನ್ಸಿದ್ದೆ, ನಿಜ ಹೇಳ್ಲಾ." ದನದ ಉಣ್ಣೆಹುಳದ ಔಷಧಿಗೆ ಅವನದೇ ಒಂದು ಅಳತೆಯಿತ್ತು. ಬಾಟಲಿಯ ಮೇಲೆ ಬರೆದದ್ದನ್ನು ಬದಿಗಿಟ್ಟು, ಚೊಂಬು ನೀರಿಗೆ ಒಂದು ಮುಚ್ಚಳ. ಮೈಗೆಲ್ಲ ಸವರಿ, ಹಸು ನೆಕ್ಕಿಕೊಳ್ಳದ ಹಾಗೆ ಬಾಯಿಗೆ ಕುಕ್ಕೆ ಕಟ್ಟಿ, ಒಣಗಿದ ಮೇಲೆ ಬಿಚ್ಚುತ್ತಿದ್ದ.

ಇವತ್ತು ಸೊಸೆ ಡೈರಿಗೆ ಹಾಲು ಹಾಕಲು ಹೋಗಿದ್ದಾಗ ಕೆಂಪಿಯ ಕಿವಿಯೊಳಗೆ ಉಣ್ಣೆ ಕಂಡವು. ಹಸುವಿಗೆ ಕಲಸಿದ್ದು ಚೊಂಬಿನಲ್ಲಿ ಅರ್ಧ ಉಳಿದಿತ್ತು. ಸುಮ್ಮನೆ ಯಾಕೆ ಚೆಲ್ಲುವುದು ಅಂತ ನಾಯಿಗೂ ಸವರಿಬಿಟ್ಟ. ನಾಯಿ ಮೂತಿಗೆ ಆಗುವ ಕುಕ್ಕೆ ಆ ಮನೆಯಲ್ಲಿರಲಿಲ್ಲ, ಅದು ಅವನ ತಲೆಗೂ ಬರಲಿಲ್ಲ. ಕೆಂಪಿ ಮೂಲೆಯಲ್ಲಿ ಕೂತು ಮೈಯನ್ನೆಲ್ಲ ನೆಕ್ಕಿ ನೆಕ್ಕಿ ಚೊಕ್ಕ ಮಾಡಿಕೊಂಡಿತು.

ಪಶು ಆಸ್ಪತ್ರೆಯಲ್ಲಿ ಅವನ ಊರಿನವನೇ ಆದ ಲೋಕೇಶ್ ಮೇಕೆ ಹಿಡಿದುಕೊಂಡು ನಿಂತಿದ್ದ. "ಓಹೋ, ಅರ್ಧ ಡಾಕ್ಟ್ರು ಪೂರ್ತಿ ಡಾಕ್ಟ್ರತ್ರ ಬಂದವ್ರೆ," ಎಂದ. ಡಾಕ್ಟರು ಮಹದೇವಸ್ವಾಮಿ ನಗಲಿಲ್ಲ. ಕೆಂಪಿಯ ಕಣ್ಣರೆಪ್ಪೆ ಬಿಡಿಸಿ ನೋಡಿದರು, ಒಸಡು ಒತ್ತಿ ನೋಡಿದರು.

"ಏನ್ ತಿಂದಿದೆ?"

"ರಾತ್ರಿ ಅನ್ನ, ಮೊಟ್ಟೆ, ಅಷ್ಟೇ ಸಾರ್," ಎಂದಳು ಪವಿತ್ರ.

"ಔಷಧಿ ಗಿವುಷಧಿ ಏನಾದ್ರೂ ಹಾಕಿದ್ರಾ?"

"ಇಲ್ಲ ಸಾರ್. ಹಾಕಲ್ಲ ಅಂತ ಸೈನ್ ಮಾಡಿ ತಂದಿರೋಳು ನಾನು."

ಚಲುವಯ್ಯ ಗೋಡೆ ಮೇಲಿನ ಹಸುವಿನ ಚಿತ್ರ ನೋಡುತ್ತಿದ್ದ. ಹೇಳಿದರೆ ನಾಳೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ಇದನ್ನೇ ಆಡಿಕೊಳ್ಳುತ್ತಾರೆ. ಲೋಕೇಶನ ಬಾಯಿಗೆ ಬೀಗ ಹಾಕುವವರು ಯಾರು?

"ಹಂಗಾದ್ರೆ ಎಲ್ಲೋ ಇಲಿಪಾಷಾಣ ನೆಕ್ಕಿರಬೇಕು. ಅದಕ್ಕೇ ಸೂಜಿ ಹಾಕಿ ನೋಡೋಣ," ಎಂದು ಡಾಕ್ಟರು ಸಿರಿಂಜಿಗೆ ಔಷಧಿ ಎಳೆದರು. ಕೆಂಪಿಯ ಹಿಂಗಾಲು ಒಮ್ಮೆ ಸೆಟೆದು ಮೇಜನ್ನು ಒದೆಯಿತು.

"ತಡೀರಿ ಸಾರ್," ಎಂದ ಚಲುವಯ್ಯ. ದನಿ ತನ್ನದಲ್ಲ ಅನ್ನಿಸಿತು. "ಇಲಿಪಾಷಾಣ ಅಲ್ಲ. ನಾನೇ ಆಕಿದ್ದು. ದನದ ಉಣ್ಣೆ ಔಸ್ದಿ."

"ಎಷ್ಟು?"

"ಚೊಂಬಿಗೆ ಒಂದ್ ಮುಚ್ಚಳ."

ಡಾಕ್ಟರು ಸಿರಿಂಜು ಕೆಳಗಿಟ್ಟರು. "ಮುಚ್ಚಳ ಅನ್ನೋದೂ ಒಂದು ಅಳತೆನಾ ಚಲುವಯ್ಯನವ್ರೆ? ಒಳ್ಳೇದಾಯ್ತು ಹೇಳಿದ್ದು. ಮೈ ಮೇಲಿನ್ನೂ ಇದೆ ಅದು, ಮೊದ್ಲು ಸೋಪು ಹಾಕಿ ತೊಳೀರಿ. ಕೈಗೆ ಕವರ್ ಹಾಕ್ಕೊಳಿ."

ಲೋಕೇಶ್ ತನ್ನ ಮೇಕೆಯ ಕಿವಿ ನೋಡತೊಡಗಿದ. ಪವಿತ್ರ ಮಾವನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು. ಬೈದುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಚಲುವಯ್ಯ ಪಂಚೆ ಎತ್ತಿಕಟ್ಟಿ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕಿವಿ ಮಡಿಕೆ, ಬೆರಳ ಸಂದು ಒಂದೂ ಬಿಡದೆ ಮೂರು ಸಲ ತೊಳೆದ. ಆಮೇಲೆ ಡಾಕ್ಟರು ಹಾಕಿದ ಡ್ರಿಪ್ಪು ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಆಗ ಕೆಂಪಿ ತಲೆಯೆತ್ತಿ ಪವಿತ್ರಳ ಕೈ ಮೂಸಿತು.

ಐದನೆಯ ದಿನ ಬೆಳಗೊಳದ ಶೆಡ್ಡಿನ ಮೇಘನ ಫೋನು ಮಾಡಿದಳು. ನಾಯಿ ಕೊಟ್ಟವಳು ಅವಳೇ. ತಿಂಗಳಿಗೊಮ್ಮೆ ವಿಚಾರಿಸುವುದು ಅವರ ಪದ್ಧತಿ.

"ಚೆನ್ನಾಗವ್ಳೆ ಮೇಡಂ," ಎಂದ ಪವಿತ್ರಳ ದನಿ ಇಳಿದುಹೋಯಿತು. ವಾಪಸ್ಸು ಕೇಳಿದರೆ ಏನು ಮಾಡುವುದು ಅನ್ನುವ ಭಯ. ಜಗಲಿಯಲ್ಲಿದ್ದ ಚಲುವಯ್ಯ ಎದ್ದು ಬಂದು ಕೈ ನೀಡಿದ. "ಕೊಡವ್ವ ಇಲ್ಲಿ."

"ಮೇಡಂ, ನಾನು ಇವಳ ಮಾವ. ನಾಯಿ ಸಾಯೋ ಅಂಗಾಗಿತ್ತು. ದನದ ಔಸ್ದಿ ಆಕ್ಬುಟ್ಟಿದ್ದೆ ನಾನು. ಸೊಸೆದೇನೂ ತಪ್ಪಿಲ್ಲ. ವಾಪಸ್ಸು ಬೇಕು ಅಂದ್ರೆ ನಾನೇ ತಂದ್ಬುಡ್ತೀನಿ, ಅವಳ ಕೈಲಿ ತರಿಸ್ಬ್ಯಾಡಿ."

ಆ ಕಡೆಯಿಂದ ಮೇಘನ ಕೇಳಿದಳು, "ಕೆಂಪಿ ಈಗ ನಿಮ್ಮ ಹತ್ರ ಬರ್ತಾಳಾ?"

"ಇಲ್ಲ ಮೇಡಂ. ನನ್ನ ಕೈಲಿ ಚೊಂಬು ಕಂಡ್ರೆ ಸಾಕು, ಬಾಗಿಲಿಂದೆ ಸೇರ್ಕತಾಳೆ."

"ಹಾಗಾದ್ರೆ ಇವತ್ತಿಂದ ಅವಳ ಊಟ ನೀವೇ ಹಾಕಿ. ಮುಂದಿನ ತಿಂಗಳು ನಾನೇ ಬರ್ತೀನಿ. ನಿಮ್ಮ ಹತ್ರ ಹೇಗಿರ್ತಾಳೆ ನೋಡಿ, ವಾಪಸ್ಸು ಬೇಕಾ ಬೇಡ್ವಾ ಅಂತ ಆಗ ಹೇಳ್ತೀನಿ."

ಸಂಜೆ ಹಸು ಕರೆದಾದ ಮೇಲೆ ಚಲುವಯ್ಯ ಕೈ ತೊಳೆದು, ಮೂಸಿ ನೋಡಿ, ಇನ್ನೊಮ್ಮೆ ತೊಳೆದ. ಅನ್ನಕ್ಕೆ ಮೊಟ್ಟೆ ಕಿವುಚಿ ತಟ್ಟೆಯನ್ನು ಜಗಲಿಯ ಆ ತುದಿಯಲ್ಲಿಟ್ಟು, ಈ ತುದಿಯಲ್ಲಿ ಬೆನ್ನು ಮಾಡಿ ಕೂತ. ಬಾಗಿಲ ಹಿಂದಿನಿಂದ ಕೆಂಪಿಯ ಮೂತಿ ಹೊರಗೆ ಬಂತು, ಒಳಗೆ ಹೋಯಿತು.

ಬೀದಿಯಲ್ಲಿ ಹೋಗುತ್ತಿದ್ದ ಲೋಕೇಶ್ ನಿಂತ. "ಚಲುವಣ್ಣ, ನಮ್ಮ ಎಮ್ಮೆಗೂ ಉಣ್ಣೆ ಆಗವೆ. ಎಷ್ಟ್ ಮುಚ್ಚಳ..."

"ಡಾಕ್ಟ್ರುನ್ನ ಕೇಳೋಗ್ಲಾ," ಎಂದ ಚಲುವಯ್ಯ ಪಿಸುದನಿಯಲ್ಲಿ, ಸುಮ್ಮನಿರು ಅಂತ ಕೈ ಮಾಡಿ. ಹಿಂದೆ ಉಗುರಿನ ಸದ್ದು ಕೇಳಿಸಿತು. ಆಮೇಲೆ ತಟ್ಟೆ ಸಿಮೆಂಟಿನ ಮೇಲೆ ಒಂದಿಷ್ಟು ಸರಿಯಿತು. ಅವನು ತಿರುಗಿ ನೋಡಲಿಲ್ಲ.