ಬೆಳ್ಳಿ ತಗಡಿನ ಅಕ್ಷರ

ಧರಣಿ ಮೂರು ದಿನದಲ್ಲಿ ಮೂರನೆಯ ಸಲ ಬ್ಯಾಗನ್ನು ಮಂಚದ ಮೇಲೆ ಸುರಿದಳು. ಊಟದ ಡಬ್ಬಿ, ಬಸ್ ಪಾಸು, ಮಾತ್ರೆಯ ಚೀಟಿ, ಕೂದಲ ಕ್ಲಿಪ್ಪು ಎಲ್ಲ ಬಿದ್ದವು. ಕಪ್ಪು ದಾರದ ಬೆಳ್ಳಿ ತಗಡು ಮಾತ್ರ ಬೀಳಲಿಲ್ಲ. ಹೆಬ್ಬಾಳದ ಕಾರ್ಖಾನೆಯ ದವಾಖಾನೆಯಲ್ಲಿ ಅವಳು ನರ್ಸು. ಕೆಲಸದ ವೇಳೆ ಕೊರಳಲ್ಲಿ ಹೆಚ್ಚಿನದೇನೂ ಇರಕೂಡದೆಂದು ದಿನಾ ಮನೆಯಿಂದ ಹೊರಡುವ ಮೊದಲೇ ಅದನ್ನು ಬಿಚ್ಚಿ ಬ್ಯಾಗಿನ ಪಕ್ಕದ ಜೇಬಿಗೆ ಹಾಕುತ್ತಿದ್ದಳು.

"ಬಸ್ನಲ್ಲೆಲ್ಲೋ ಬಿದ್ದೋಗಿರ್ಬೇಕು ಬುಡು ಕಣವ್ವ," ಅಂದಳು ಅತ್ತೆ ಪ್ರೇಮಲೀಲಾ, ಸೊಪ್ಪು ಬಿಡಿಸುತ್ತಿದ್ದ ಕೈಯಿಂದ ಕಣ್ಣೆತ್ತದೆ.

ಬಿದ್ದಿರಲಿಲ್ಲ. ಮಂಗಳವಾರ ಬೆಳಿಗ್ಗೆ ಸೊಸೆ ಕಾಫಿ ಕುಡಿಯುತ್ತಿದ್ದಾಗ, ಊಟದ ಡಬ್ಬಿ ಇಡುವ ನೆಪದಲ್ಲಿ ಪ್ರೇಮಲೀಲಾ ಆ ಜೇಬಿಗೆ ಕೈ ಹಾಕಿದ್ದಳು. ಮಧ್ಯಾಹ್ನದ ಹೊತ್ತಿಗೆ ಶ್ರೀರಂಗಪಟ್ಟಣದ ಸಂಗಮದಲ್ಲಿ ಮೊಣಕಾಲುದ್ದ ನೀರಿಗಿಳಿದು ಅದನ್ನು ಬಿಟ್ಟು, ಹಿಂದಿರುಗಿ ನೋಡದೆ ಬಸ್ಸು ಹತ್ತಿದ್ದಳು. ಅಂಥದನ್ನು ಹರಿಯುವ ನೀರಿಗೇ ಬಿಡಬೇಕು, ತಿರುಗಿ ನೋಡಿದರೆ ಬೆನ್ನು ಹತ್ತುತ್ತದೆ. ಹಾಗಂತ ಹೇಳಿದವಳು ಪಕ್ಕದ ಮನೆಯ ಪುಟ್ಟಲಿಂಗಮ್ಮ. ಕೆಸರೆಯ ಆ ಬೀದಿಯಲ್ಲಿ ಪುಟ್ಟಲಿಂಗಮ್ಮನಿಗೆ ತಿಳಿಯದ ವಿದ್ಯೆಯೇ ಇಲ್ಲ. ತನ್ನ ಮಂಡಿನೋವಿಗೆ ಮದ್ದೊಂದು ಬಿಟ್ಟು.

ಧರಣಿ ಮದುವೆಗೆ ಮುಂಚೆ ಮೂರು ವರ್ಷ ಇಸ್ರೇಲಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಂಡಿದ್ದಳು. ಬರುವಾಗ ಆ ತಗಡು ಅವಳ ಕೊರಳಲ್ಲಿ ಬಂತು. ಅದರ ಮೇಲೆ ಚೌಕ ಚೌಕವಾಗಿ, ಈ ಕಡೆಯವರು ಯಾರೂ ಕಂಡಿರದ ಅಕ್ಷರ. ಮೊದಮೊದಲು ಪ್ರೇಮಲೀಲಾ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಎರಡು ಸಲ ಬಸುರು ನಿಲ್ಲಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಕಣ್ಣು ಬೇರೆಲ್ಲೂ ಹೋಗದೆ ಆ ಅಕ್ಷರದ ಮೇಲೇ ನಿಂತಿತು. ತಗಡಿನಲ್ಲಿ ಬರೆದು ಹೊಸ್ತಿಲಡಿ ಹೂಳುವ ಮಾಟದ ಯಂತ್ರ ಅವಳಿಗೆ ಗೊತ್ತಿತ್ತು. ಪುಟ್ಟಲಿಂಗಮ್ಮನನ್ನು ಕೇಳಿದಳು, ತವರಿನ ಅತ್ತಿಗೆಯನ್ನು ಕೇಳಿದಳು, ಹೂವಿನ ಕೆಂಚಮ್ಮನನ್ನೂ ಕೇಳಿದಳು. ಕೊರಳಲ್ಲಿ ಹಾಕಿಕೊಂಡವಳೊಬ್ಬಳನ್ನು ಬಿಟ್ಟು.

ದೀಪ ಹಚ್ಚುವ ಹೊತ್ತಿಗೆ ಫೋನು ಬಡಿದುಕೊಂಡಿತು. ಶುಕ್ರವಾರ ಬಂದರೆ ಆ ಮುದುಕಿಯ ವಿಡಿಯೋ ಕಾಲ್ ಬರುವುದು, ಧರಣಿ ಅದನ್ನು ಹಿಡಿದು ಮಹಡಿಗೆ ಹೋಗುವುದು ವಾಡಿಕೆ. ಇವತ್ತು ಹೋಗಲಿಲ್ಲ.

"ನೀವೂ ಕೂತ್ಕೊಳಿ ಅತ್ತೆ. ಕಳ್ಕೊಂಡೆ ಅಂತ ಅಜ್ಜಿಗೆ ಹೇಳಕ್ಕೆ ಒಬ್ಳಿಗೇ ಧೈರ್ಯ ಇಲ್ಲ."

ಪರದೆಯ ಮೇಲೆ ಬೆಳ್ಳಗಿನ ಗುಂಗುರು ಕೂದಲ, ಹಲ್ಲಿಲ್ಲದ ನಗುಮುಖ. ಮಿರಿಯಂ ಅಜ್ಜಿ. ಮಾಟ ಮಾಡಿಸುವವಳ ಮುಖ ಹೀಗಿರುತ್ತದೆಂದು ಪ್ರೇಮಲೀಲಾ ಎಣಿಸಿರಲಿಲ್ಲ. ಧರಣಿ ಬಾಯಿ ತೆರೆಯುವ ಮೊದಲೇ ಅಜ್ಜಿ ಬೆರಳು ತೋರಿಸಿ ಏನೋ ಕೇಳಿತು.

"ನಿಮ್ಮ ಕೊರಳಲ್ಲಿರೋ ಬೆಳ್ಳೀದು ಏನು ಅಂತ ಕೇಳ್ತಾವ್ರೆ ಅತ್ತೆ."

ಪ್ರೇಮಲೀಲಾಳ ಕೈ ತನ್ನ ಕರಡಿಗೆಯನ್ನು ಹಿಡಿದುಕೊಂಡಿತು. ಅರವತ್ತು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. "ಲಿಂಗ ಕಣವ್ವ. ನಮ್ಮ ದೇವ್ರು. ಎದೆ ಮೇಲೇ ಇರ್ಬೇಕು, ಇಳಿಸಂಗಿಲ್ಲ ಅನ್ನು." ಧರಣಿ ಹೀಬ್ರೂವಿನಲ್ಲಿ ಹೇಳಿದಳು. ಅಜ್ಜಿ ತಲೆಯಾಡಿಸಿ, ಕಣ್ಣಿಗೆ ಕೈಯೊತ್ತಿಕೊಂಡಿತು.

ಪ್ರೇಮಲೀಲಾ ಸೊಸೆಯ ಕಡೆ ತಿರುಗಿದಳು. "ನಿಂದ್ರಲ್ಲಿ ಏನು ಬರ್ದಿತ್ತವ್ವ?"

"ದೇವ್ರು ನಿನ್ನ ಹರಸಿ ಕಾಪಾಡ್ಲಿ ಅಂತ. ಅಲ್ಲಿ ಶುಕ್ರವಾರ ಸಂಜೆ ಮಕ್ಕಳ ತಲೆ ಮೇಲೆ ಕೈಯಿಟ್ಟು ತಾಯ್ತಂದೆ ಈ ಮಾತು ಹೇಳ್ತಾರೆ. ನಂಗೆ ಅಮ್ಮ ಇಲ್ಲ ಅಂತ ಗೊತ್ತಾದ್ಮೇಲೆ ಅಜ್ಜಿ ಒಂದು ವಾರಾನೂ ತಪ್ಪಿಸ್ಲಿಲ್ಲ. ಹೊರಡೋವಾಗ ಇದನ್ನ ಕಟ್ಟಿದ್ರು. ಇನ್ಮೇಲೆ ನನ್ ಕೈ ಎಟ್ಕಲ್ಲ, ಇದೇ ನನ್ ಕೈ ಅಂದ್ಕೊ ಅಂತ." ಅವಳ ದನಿ ಒಡೆಯಿತು. "ಎರಡು ಸಲ ಆಸ್ಪತ್ರೇಲಿ ಅದನ್ನೇ ಹಿಡ್ಕೊಂಡು ಮಲ್ಗಿದ್ದೆ ಅತ್ತೆ."

ಪ್ರೇಮಲೀಲಾ ಸೊಸೆಯ ಬರಿಗೊರಳನ್ನು ನೋಡಿದಳು. ತಾಯಿಯಿಲ್ಲದ ಹುಡುಗಿಯ ತಲೆ ಮೇಲಿದ್ದ ಕೈಯೊಂದನ್ನು ತಾನೇ ಕಿತ್ತು ನೀರಿಗೆ ಹಾಕಿದ್ದಳು. ಕೇಳಿದ್ದರೆ ಹೇಳುತ್ತಿದ್ದಳಲ್ಲ, ಇಷ್ಟೇ ಇಷ್ಟು ಮಾತು.

ಧರಣಿ ಅಳುತ್ತಲೇ ಅಜ್ಜಿಗೆ ಕಳೆದುಹೋದದ್ದನ್ನು ಹೇಳಿದಳು, ತನ್ನದೇ ತಪ್ಪೆಂದು ಎದೆ ಮುಟ್ಟಿಕೊಂಡಳು. ಅಜ್ಜಿ ಬೈಯಲಿಲ್ಲ. ಪ್ರೇಮಲೀಲಾಳ ಕಡೆ ತೋರಿಸಿ ಏನೋ ಹೇಳಿ, ಕೈಯನ್ನು ಮೇಲೆತ್ತಿತು.

"ಬೆಳ್ಳಿ ಹೋದ್ರೆ ಹೋಗ್ಲಿ, ಪಕ್ಕದಲ್ಲೇ ಅಮ್ಮ ಕೂತವ್ಳಲ್ಲ, ಅವ್ಳೇ ಕೈಯಿಡ್ಲಿ, ಮಾತು ನಾನು ಹೇಳ್ತೀನಿ ಅಂತಾರೆ," ಎಂದು ಧರಣಿ ಕಣ್ಣೊರೆಸಿಕೊಂಡು ನಕ್ಕಳು. ಹಾಗೇ ಅತ್ತೆಯ ಮುಂದೆ ತಲೆ ಬಾಗಿಸಿದಳು.

ನಡುಬೈತಲೆ, ಎಣ್ಣೆ ಹಚ್ಚಿದ ಕೂದಲು. ಪ್ರೇಮಲೀಲಾಳ ಕೈ ತೊಡೆಯ ಮೇಲಿಂದ ಏಳಲಿಲ್ಲ.

"ತಡಿಯವ್ವ," ಅಂದಳು. "ಅದು ಬಸ್ನಲ್ಲಿ ಬೀಳ್ಲಿಲ್ಲ. ನಾನೇ ತಕ್ಕೊಂಡೋಗಿ ಸಂಗಮದಲ್ಲಿ ಬುಟ್ಬುಟ್ಟೆ."

ಧರಣಿ ಬಾಗಿಸಿದ ತಲೆಯನ್ನು ಎತ್ತಲಿಲ್ಲ. ಏನೊಂದೂ ಅರ್ಥವಾಗದ ಅಜ್ಜಿ ಇಬ್ಬರನ್ನೂ ನೋಡುತ್ತ, ಎತ್ತಿದ ಕೈಯನ್ನು ಎತ್ತಿಕೊಂಡೇ ಕಾಯುತ್ತಿತ್ತು.