ಬಲಗಡೆಯ ಕೊಕ್ಕೆ

"ಸೈಕಲ್ ಸವಾರಿಗೆ ಹೊರಟಿದ್ದೀಯೋ, ಇಲ್ಲಾ ಮನೆ ಖಾಲಿ ಮಾಡ್ಕೊಂಡು ಹೊರಟಿದ್ದೀಯೋ?" ಎಂದು ಮೇಸ್ತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದ.

ಮೇಜಿನ ಮೇಲೆ ಹಾಲಕ್ಕ ಹರಡಿಕೊಂಡದ್ದೇನೂ ಕಡಿಮೆ ಇರಲಿಲ್ಲ. ಎರಡು ಟವೆಲು, ಒಂದು ಉಂಡೆ ಹುರಿ, ಕತ್ತರಿ, ಗಾಯಕ್ಕೆ ಹಚ್ಚುವ ಮುಲಾಮು, ಆರು ಪಿನ್ನು, ಮೊಮ್ಮಗಳಿಗೆ ಸಣ್ಣದಾದ ಮಳೆಕೋಟು, ಕ್ಯಾನಿನ ಮುಚ್ಚಳಕ್ಕೆ ಹಾಕುವ ರಬ್ಬರ್ ಬಳೆ. ಇಷ್ಟರ ಪಕ್ಕದಲ್ಲಿ ಅಂಗೈ ಅಗಲದ ಒಂದು ನೀಲಿ ಚೀಲ, ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು, ಜಿಪ್ಪು ತೆರೆದು ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

ಚೀಲ ತಂದುಕೊಟ್ಟವಳು ಮಗಳು. ಚೀಲದ ಜೊತೆಗೆ ಒಂದು ಮಾತನ್ನೂ ಕೊಟ್ಟು ಹೋಗಿದ್ದಳು. "ಅಮ್ಮಾ, ಒಂದು ತಿಂಗಳಲ್ಲಿ ಎರಡು ಸಲ ಬಿದ್ದಿದ್ದೀಯ. ಮೂರನೇ ಸಲ ಬಿದ್ರೆ ಸೈಕಲ್ಲನ್ನ ನಮ್ಮನೇಗೆ ಸಾಗಿಸ್ಬಿಡ್ತೀನಿ. ಶನಿವಾರ ಸಂಜೆ ಬಂದು ಕೇಳ್ತೀನಿ, ಸುಳ್ಳು ಹೇಳ್ಬೇಡ." ಸುಳ್ಳು ಹೇಳುವುದು ಹಾಲಕ್ಕನಿಗೆ ಬರುತ್ತಲೂ ಇರಲಿಲ್ಲ. ಹಾಲಿಗೆ ನೀರು ಬೆರೆಸಿ ಅಭ್ಯಾಸವಿಲ್ಲದ ಕೈ, ಮಾತಿಗೆ ಎಲ್ಲಿಂದ ಬೆರೆಸೀತು?

ಮೂವತ್ತೊಂದು ವರ್ಷ ಅವಳು ಸೈಕಲ್ ಮೇಲೆ ಮನೆಮನೆಗೆ ಹಾಲು ಹಾಕಿದ್ದಳು. ಕೊಟ್ಟಿಗೆಯ ಕೆಲಸ ಕೈಲಾಗದೆ ಕೊನೆಯ ಹಸುವನ್ನೂ ಮಾರಿ ಈಗ ಎಂಟು ತಿಂಗಳು. ಸೈಕಲ್ ಹತ್ತುವುದೂ ಇಳಿಯುವುದೂ ಎಡಗಡೆಯಿಂದ. ಹಾಗಾಗಿ ದೊಡ್ಡ ಕ್ಯಾನಿಗೆ ಕ್ಯಾರಿಯರಿನ ಬಲಗಡೆ ಒಂದು ಕಬ್ಬಿಣದ ಕೊಕ್ಕೆ. ಹೋಗುವಾಗ ಆ ಕೊಕ್ಕೆಗೆ ಹಾಲು. ದಿನಾ ಹಾಲು ಹಾಕುವ ವರ್ತನೆಯ ಮನೆಗಳಲ್ಲಿ ಊರಾಚೆಯ ಹಿಂಡಿ ಅಂಗಡಿಯೇ ಕೊನೆಯದು. ಅಲ್ಲಿ ಕೊನೆಯ ಅಳತೆ ಸುರಿದು, ಹಸುಗಳಿಗೆ ಒಂದು ಮೂಟೆ ಹಿಂಡಿಯನ್ನು ಅದೇ ಬಲಗಡೆಗೆ ಬಿಗಿದು, ಅಲ್ಲಿಂದಲೇ ಸೈಕಲ್ ತಿರುಗಿಸುತ್ತಿದ್ದಳು. ಬರಿದಾದ ಸೈಕಲ್ ತುಳಿದದ್ದೇ ಇಲ್ಲ. ಹಿಂಡಿ ಅಂಗಡಿ ದಾಟಿದರೆ ರಸ್ತೆ ಇಳಿಜಾರಾಗಿ ತಿರುವಿನಲ್ಲಿ ಮರೆಯಾಗುತ್ತದೆ, ಅದರಾಚೆ ಹೊಳೆ, ಹೊಳೆಗೊಂದು ಸೇತುವೆ. ಇದೆ ಎಂದು ಕೇಳಿದ್ದಳು. ಮನೆಯಲ್ಲಿ ಕರು ಕೂಗುತ್ತಿರುವಾಗ ಹೊಳೆ ನೋಡಲು ಯಾರು ಹೋಗುತ್ತಾರೆ?

ಅವಳು ತಿಂಗಳ ಹಿಂದಷ್ಟೇ ಸೇರಿಕೊಂಡಿದ್ದ ಶನಿವಾರದ ಸೈಕಲ್ ಹೆಂಗಸರು ಈ ಸಲ ಸೇತುವೆಗೆ ಹೋಗುತ್ತೇವೆ ಎಂದಾಗ ಅವಳಿಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ.

"ನಿಮ್ಮ ಗುಂಪಿನ ಔಷಧಿ ಅಂಗಡಿಯವಳು ಏನಂದ್ಳು? ಅವರವರಿಗೆ ಬೇಕಾದ ಸಾಮಾನು ಅವರವರು ತನ್ನಿ ಅಂದ್ಳು ತಾನೇ?" ಮೇಸ್ತ್ರಿ ಮಳೆಕೋಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದು ಯಾರಿಗೆ? ನಿನ್ನ ಒಂದು ಕೈಯೂ ಹಿಡಿಯಲ್ಲ ಇದರೊಳಗೆ."

"ಯಾರಿಗಾದ್ರೂ ಬೇಕಾಗುತ್ತೆ."

"ನಿನ್ನದು ಹಾಕು ಅಂದ್ರೆ ಊರಿನದೆಲ್ಲಾ ಹಾಕ್ತಾ ಇದ್ದೀಯ."

"ನನ್ನದು ಅಂತ ಏನಿದೇರೀ?" ಅವಳು ದುಃಖದಿಂದ ಕೇಳಲಿಲ್ಲ; ನಿಜವಾಗಿಯೂ ಹುಡುಕಿ ಸಿಗದೆ ಕೇಳಿದಳು. "ಬೀಗದ ಕೈ ಅಂದ್ರು. ಬೀಗ ಹಾಕೋ ಮನೇನಾ ಇದು? ಫೋನು ನಿಮ್ಮದು."

"ಫೋನು ತಗೊಂಡು ಹೋಗು."

"ನಿಮಗೆ?"

"ನನಗೆ ಯಾರು ಮಾಡ್ತಾರೆ? ಮಾಡ್ತಿದ್ದೋನು ಇಟ್ಟಿಗೆ ಗೂಡಿನೋನು ಒಬ್ಬ. ಅವನು ಸತ್ತು ಮೂರು ವರ್ಷ ಆಯ್ತು. ಅಲ್ಲಿಂದ ಮಾಡಿದ್ರೂ ನಾನು ಎತ್ತಲ್ಲ." ಅವನು ಚೀಲವನ್ನು ತನ್ನ ಕಡೆಗೆ ಎಳೆದುಕೊಂಡ. "ಸರಿ, ಇದನ್ನ ನನಗೆ ಬಿಡು. ಇಟ್ಟಿಗೆ ಜೋಡಿಸಿದ ಕೈ ಇದು. ನೀನು ಹೋಗಿ ಸೈಕಲ್‌ಗೆ ಗಾಳಿ ನೋಡು."

ಹೋದ ವಾರ ಅವಳ ಬೀಳುವ ರೋಗಕ್ಕೆ ಕಾರಣ ಕಂಡುಹಿಡಿದವನೂ ಅವನೇ. ಅವಳು ಸೈಕಲ್ ರಿಪೇರಿಯವನ ಹತ್ತಿರ ಚಕ್ರ ನೋಡಿಸಿದ್ದಳು, ಹ್ಯಾಂಡಲ್ ನೋಡಿಸಿದ್ದಳು. ಎಲ್ಲಾ ನೆಟ್ಟಗಿದೆ ಅಂದಿದ್ದ. ಆದರೂ ಹತ್ತಿ ಕೂತರೆ ಸೈಕಲ್ ಹಟಮಾರಿ ಕರುವಿನ ಹಾಗೆ ಎಡಕ್ಕೇ ಎಳೆಯುತ್ತಿತ್ತು. ಒಂದು ಸಲ ಚರಂಡಿಗೆ, ಇನ್ನೊಂದು ಸಲ ಔಷಧಿ ಅಂಗಡಿಯವಳ ಬೇಲಿಗೆ. ಕೊನೆಗೆ ಮೇಸ್ತ್ರಿ ಅವಳನ್ನು ಅಂಗಳದಲ್ಲಿ ಸೈಕಲ್ ಮೇಲೆ ಕೂರಿಸಿ, ಹಿಂದೆ ನಿಂತು, ದಾರಕ್ಕೆ ಕಟ್ಟಿದ ತನ್ನ ಹಿತ್ತಾಳೆಯ ತೂಕದ ಗುಂಡನ್ನು ಇಳಿಬಿಟ್ಟ. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನಲವತ್ತು ವರ್ಷ ಅದರಿಂದಲೇ ನೋಡಿದ್ದ. ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಹೇಳಿದ:

"ಸೈಕಲ್ ನೆಟ್ಟಗಿದೆ ಕಣೇ. ಗೋಡೇನೇ ಎಡಕ್ಕೆ ವಾಲಿದೆ."

ಬಲಗಡೆಯ ಭಾರಕ್ಕೆ ಸರಿದೂಗಿಸಿ ಸರಿದೂಗಿಸಿ ಅವಳ ಮೈ ಎಡಕ್ಕೆ ಬಾಗಿಕೊಂಡುಬಿಟ್ಟಿತ್ತು. ಭಾರ ಹೋಯಿತು, ಬಾಗು ಉಳಿಯಿತು. "ಕೆಡವಿ ಕಟ್ಟಬೇಕು ಹಾಗಾದ್ರೆ," ಅಂದಿದ್ದಳು ಅವಳು. "ಈ ವಯಸ್ಸಲ್ಲಿ ಯಾರು ಕೆಡವ್ತಾರೆ, ಬೀಳದ ಹಾಗೆ ಒತ್ತು ಕೊಟ್ಟರಾಯ್ತು," ಅಂದಿದ್ದ ಅವನು.

ಒತ್ತು ಏನೆಂದು ಅವಳು ಆಗಲೇ ಗೊತ್ತುಮಾಡಿಕೊಂಡಿದ್ದಳು. ಈಗ ಗಾಳಿ ನೋಡುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಬೋರಲು ಹಾಕಿದ್ದ ಕ್ಯಾನನ್ನು ತೊಳೆದು, ನಲ್ಲಿಯಲ್ಲಿ ಅರ್ಧಕ್ಕೆ ನೀರು ಹಿಡಿದು, ಕೊಕ್ಕೆಗೆ ನೇತುಹಾಕಿದಳು. ಅಳತೆಯ ಲೋಟವೂ ಅದರ ಕುತ್ತಿಗೆಗೆ ತಾನೇ ತಾನಾಗಿ ಬಂತು. ಹತ್ತಿ ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಸೈಕಲ್ ಗೆರೆ ಎಳೆದ ಹಾಗೆ ಓಡಿತು.

ಮೇಸ್ತ್ರಿ ಹೊರಗೆ ಬಂದು ಕ್ಯಾನನ್ನು ನೋಡಿದ. ಚೀಲವನ್ನು ಅವಳ ಸೊಂಟಕ್ಕೆ ತಾನೇ ಕಟ್ಟಿದ. "ಬಲಗಡೆಗೇ ಇರಲಿ, ಸರಿಸ್ಬೇಡ."

"ಫೋನು ಇಷ್ಟು ಭಾರಾನಾ?"

"ಮಾತೆಲ್ಲಾ ಅದರೊಳಗೇ ಇರುತ್ತಲ್ಲ," ಅಂದ ಅವನು.

ಬೇಕರಿಯ ಮುಂದೆ ಮೂವರು ಕಾಯುತ್ತಿದ್ದರು: ಔಷಧಿ ಅಂಗಡಿಯವಳು, ಬೇಕರಿಯ ಇಬ್ಬರು ವಾರಗಿತ್ತಿಯರು. ಮೂವರ ಸೊಂಟದಲ್ಲೂ ಸಣ್ಣ ಸಣ್ಣ ಚೀಲ. ಕ್ಯಾನಿನ ಮುಚ್ಚಳದ ಟಣ್ ಟಣ್ ಕೇಳಿದ್ದೇ ಹಿರಿಯ ವಾರಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಹಾಲಕ್ಕಾ! ಸೇತುವೆ ಹತ್ರ ಯಾರಿಗೆ ಹಾಲು?"

"ಮೀನಿಗೆ," ಅಂದಳು ಕಿರಿಯವಳು.

"ಕುಡಿಯೋ ನೀರು ಕಣ್ರಮ್ಮಾ," ಅಂದಳು ಹಾಲಕ್ಕ. "ದಾರಿ ದೂರ ಅಲ್ವಾ."

ಹೊರಟರು. ಹಳೆಯ ಬೀದಿಗಳು, ಹಳೆಯ ಬಾಗಿಲುಗಳು. ಮೂಲೆ ಮನೆಯ ಮುದುಕಿಗೆ ಕಿವಿ ಮಂದವಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಕ್ಯಾನಿನ ಸದ್ದು ಮಾತ್ರ ಕೇಳಿಸಿತು. ಪಾತ್ರೆ ಹಿಡಿದು ಮೆಟ್ಟಿಲಿಗೇ ಬಂದಳು. "ಮತ್ತೆ ಶುರು ಮಾಡಿದ್ಯೇನೇ?"

"ಇಲ್ಲಜ್ಜೀ, ಇದರಲ್ಲಿ ಬರೀ ನೀರು."

"ಮೊದಲೂ ಅದೇ ತಾನೇ ಹಾಕ್ತಿದ್ದೆ!" ಎಂದು ಅಜ್ಜಿ ತನ್ನ ಮಾತಿಗೆ ತಾನೇ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ಹಾಲಕ್ಕನಿಗೂ ನಗು ತಡೆಯಲಿಲ್ಲ. ಸೈಕಲ್ ಮಾತ್ರ ಅಲುಗಾಡಲಿಲ್ಲ.

ಊರು ದಾಟಿದ ಮೇಲೆ ಬಿಸಿಲು ಏರಿತು. ಕಿರಿಯ ವಾರಗಿತ್ತಿಯ ಬಾಟಲಿ ಮೊದಲ ಮೈಲಿಗೇ ಮುಗಿದಿತ್ತು. ಹಾಲಕ್ಕ ಸೈಕಲ್ ನಿಲ್ಲಿಸಿ, ಮುಚ್ಚಳ ತೆಗೆದು, ಲೋಟ ಅದ್ದಿ ಕೊಟ್ಟಳು. ಕುಡಿದು ಮುಗಿಸುವುದರೊಳಗೆ ಕೈ ತನ್ನಷ್ಟಕ್ಕೆ ಇನ್ನೊಂದು ಗುಟುಕಿನಷ್ಟು ಕೊಸರು ಸುರಿಯಿತು.

"ನೀರಿಗೂ ಕೊಸರಾ ಹಾಲಕ್ಕಾ?"

"ಕೊಸರಿಲ್ಲದ ಅಳತೆ ನನಗೆ ಬರಲ್ಲ ತಾಯಿ."

ಆಮೇಲೆ ಹಿರಿಯವಳ ಚೈನು ಕಳಚಿತು. ಹಾಕಿ ಮುಗಿಸಿದ ಮೂವರ ಕೈಯೂ ಮಸಿ. ಎರಡು ಲೋಟ, ಮೂರು ಲೋಟ, ಕೊಸರು. ಔಷಧಿ ಅಂಗಡಿಯವಳು ಮುಖ ತೊಳೆದುಕೊಂಡಳು. ಕೊಡಬೇಡ ಎಂದು ಹಾಲಕ್ಕನ ಮನಸ್ಸಿನಲ್ಲಿ ಒಂದು ಸಲ ಬಂದದ್ದು ನಿಜ. ಆದರೆ ಎದುರಿಗೆ ಬೊಗಸೆ ಒಡ್ಡಿ ನಿಂತವರಿಗೆ ಕ್ಯಾನಿನ ಮುಚ್ಚಳ ಹಾಕಿ ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಸಲ ಹತ್ತಿದಾಗಲೂ ಸೈಕಲ್ ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಯತೊಡಗಿತು. ಅವಳು ಎಲ್ಲರಿಗಿಂತ ಹಿಂದೆ ಬಿದ್ದಳು, ಹ್ಯಾಂಡಲನ್ನು ಬಿಗಿಯಾಗಿ ಹಿಡಿದು, ರಸ್ತೆಯ ಅಂಚನ್ನೇ ನೋಡುತ್ತಾ.

ಹಿಂಡಿ ಅಂಗಡಿ ಬಂತು. ಮುಂದಿನ ಮೂವರು ಬೆಲ್ಲು ಹೊಡೆಯುತ್ತಾ ಇಳಿಜಾರಿಗೆ ಬಿದ್ದರು. ಹಾಲಕ್ಕ ಅವರ ಹಿಂದೆಯೇ ಹೊರಟಿದ್ದಳು. ಆದರೆ ಅಂಗಡಿಯ ಹಲಗೆ, ಚೀಲದ ಅಟ್ಟಿ, ಎಣ್ಣೆಯ ಘಮ ಇವೆಲ್ಲ ಒಟ್ಟಿಗೆ ಬಂದದ್ದೇ ಏನಾಯಿತೋ, ಸೈಕಲ್ ಅಂಗಡಿಯ ಮುಂದಿನ ಬಯಲಿನಲ್ಲಿ ಅರ್ಧ ಸುತ್ತು ಹೊಡೆದು, ಮನೆಯ ಕಡೆಗೆ ಮುಖ ಮಾಡಿ ನಿಂತಿತು. ಕಾಲು ನೆಲಕ್ಕೆ ಊರಿದ ಮೇಲೆಯೇ ಅವಳಿಗೆ ತಾನು ತಿರುಗಿದ್ದೇನೆಂದು ಗೊತ್ತಾದದ್ದು.

ಅಂಗಡಿಯ ಮುದುಕ ಕೂಡ ಅವಳಿಗಿಂತ ಬೇರೆಯಾಗಿರಲಿಲ್ಲ. ಕುರ್ಚಿಯಿಂದ ಎದ್ದು ಆಗಲೇ ಮೂಟೆಯ ಕಿವಿ ಹಿಡಿದಿದ್ದ. "ಒಂದಾ ಎರಡಾ ತಂಗಿ?"

"ಹಸು ಎಲ್ಲಿದೆ ಅಣ್ಣಾ? ಮಾರಿ ಎಂಟು ತಿಂಗಳಾಯ್ತಲ್ಲ."

ಅವನು ಮೂಟೆ ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡ. "ಹೌದಲ್ಲ! ಮತ್ತೆ ಯಾಕೆ ತಿರುಗಿಸಿದೆ?"

"ನಾನೆಲ್ಲಿ ತಿರುಗಿಸ್ದೆ, ಸೈಕಲ್ ತಿರುಗಿಸ್ತು."

ಅವಳು ಸೇತುವೆಯ ವಿಷಯ ಹೇಳಿದಳು, ಎಡಕ್ಕೆ ವಾಲುವ ವಿಷಯ ಹೇಳಿದಳು, ಸಂಜೆ ಮಗಳು ಬಂದು ಕೇಳುವ ವಿಷಯವನ್ನೂ ಹೇಳಿದಳು. ಮುದುಕ ಕ್ಯಾನಿನ ಮುಚ್ಚಳ ಎತ್ತಿ ನೋಡಿದ. ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಈ ಅಂಗಳಕ್ಕೆ ಬರುವ ಹೊತ್ತಿಗೆ ಯಾವಾಗಲೂ ಅಷ್ಟೇ ಉಳಿಯುತ್ತಿತ್ತು.

"ಬಾವಿ ಕೆಟ್ಟಿದೆ, ಇಲ್ಲಾಂದ್ರೆ ತುಂಬಿಸಿಕೊಡ್ತಿದ್ದೆ. ಅರ್ಧ ಮೂಟೆ ಹೊಟ್ಟು ಬಿಗೀಲಾ? ಸಮ ಆಗುತ್ತೆ. ನಿನ್ನ ಹಳೇ ಗಂಟೇ ಹಾಕ್ತೀನಿ."

ಹೊಟ್ಟಿನ ಮೂಟೆ ಕಣ್ಣೆದುರಿಗೇ ಇತ್ತು, ಹುರಿಯೂ ಇತ್ತು. ಬಿಗಿದರೆ ಬೀಳುವ ಭಯವಿಲ್ಲ. ಆದರೆ ಮೂಟೆ ಬಿಗಿದ ಮೇಲೆ ಈ ಸೈಕಲ್ ಯಾವ ಕಡೆಗೆ ಹೋಗುತ್ತದೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಳಿಜಾರಿನ ಕೆಳಗೆ, ತಿರುವಿನಲ್ಲಿ, ಔಷಧಿ ಅಂಗಡಿಯವಳು ಒಂದು ಕಾಲು ಊರಿ ನಿಂತು ಇತ್ತಲೇ ನೋಡುತ್ತಿದ್ದಳು. ಕೈಯೆತ್ತಿ ಬೀಸಿದಳು.

ಹಣೆಯ ಬೆವರು ಕಣ್ಣಿಗಿಳಿಯಿತು. ಕರವಸ್ತ್ರಕ್ಕೆಂದು ಹಾಲಕ್ಕ ಚೀಲದ ಜಿಪ್ಪು ತೆರೆದು ಕೈ ಹಾಕಿದಳು. ಕನ್ನಡಕ, ಬಿ.ಪಿ. ಮಾತ್ರೆ, ಫೋನು. ಅದರ ಕೆಳಗೆ ಕರವಸ್ತ್ರ, ಯಾವುದನ್ನೋ ಸುತ್ತಿಕೊಂಡು ಗಂಟು ಬಿದ್ದಿತ್ತು. ಬಿಡಿಸಿದರೆ ಹಿತ್ತಾಳೆಯ ಗುಂಡು, ದಾರದ ಸಮೇತ.

ಅದನ್ನು ಮೇಸ್ತ್ರಿ ಯಾರ ಕೈಗೂ ಕೊಟ್ಟವನಲ್ಲ. ಕೆಲಸ ಕಲಿತ ಶಿಷ್ಯನೊಬ್ಬ ಒಂದು ದಿನದ ಮಟ್ಟಿಗೆ ಕೇಳಿದ್ದಕ್ಕೆ, "ಬೇಕಾದ್ರೆ ನನ್ನ ಕೈನೇ ಕಡ್ಕೊಂಡು ಹೋಗು" ಅಂದಿದ್ದ. ಮಗಳು ಚಿಕ್ಕವಳಿದ್ದಾಗ ಆಟಕ್ಕೆ ಮುಟ್ಟಿ ಏಟು ತಿಂದಿದ್ದಳು. ಕೆಲಸ ಬಿಟ್ಟ ಮೇಲೂ ರಾತ್ರಿ ದಿಂಬಿನ ಪಕ್ಕದ ಗೂಡಿನಲ್ಲಿಯೇ ಅದರ ಜಾಗ.

"ಏನದು?" ಅಂದ ಮುದುಕ.

"ನಮ್ಮ ಮನೆಯವರದು." ಅವಳು ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು. ಅರ್ಧ ಲೀಟರ್ ಹಾಲಿನಷ್ಟು ಇದ್ದೀತು, ಹೆಚ್ಚಿಲ್ಲ. ಕ್ಯಾನಿಗೆ ಇದು ಯಾವ ಲೆಕ್ಕ? "ಒತ್ತು ಕೊಡ್ತಾರಂತೆ ಒತ್ತು," ಎಂದು ಗೊಣಗಿದಳು. ಮುಖ ಒರೆಸಿಕೊಂಡಳು. ಗುಂಡನ್ನು ಮೊದಲಿನ ಹಾಗೆಯೇ ಸುತ್ತಿ ಚೀಲದಲ್ಲಿಟ್ಟು, ಜಿಪ್ಪು ಎಳೆದು, ಚೀಲವನ್ನು ಬಲಗಡೆಗೆ ಸರಿಯಾಗಿ ಎಳೆದುಕೊಂಡಳು.

ಆಮೇಲೆ ಕೊಕ್ಕೆಯಿಂದ ಕ್ಯಾನು ಬಿಚ್ಚಿದಳು. ಉಳಿದ ನೀರನ್ನು ಅಂಗಡಿಯ ನಾಯಿಯ ತಟ್ಟೆಗೆ ಸುರಿದಳು. "ಇದು ಇಲ್ಲೇ ಇರಲಿ ಅಣ್ಣಾ. ಬರುವಾಗ ತಗೋತೀನಿ."

"ಹುಷಾರು ತಂಗಿ. ಅಲ್ಲಿ ಎಡಗಡೆ ಹಳ್ಳ ಇದೆ."

"ಎಡಗಡೆ ಇರದೆ ಇನ್ನೆಲ್ಲಿರುತ್ತೆ!"

ಸೈಕಲ್ ತಿರುಗಿಸಲು ಅವಳು ಹತ್ತಲಿಲ್ಲ. ತಳ್ಳಿಕೊಂಡು, ಅದರ ಮೂತಿಯನ್ನು ಇಳಿಜಾರಿಗೆ ತಾನೇ ತಿರುಗಿಸಿದಳು. ಹತ್ತಿದಳು. ಮೊದಲ ಹತ್ತು ಮಾರು ಹಾವಿನ ಹಾಗೆ ಹೋಯಿತು. ಎಡ ಅಂಚಿನ ಜಲ್ಲಿ ಟೈರಿನ ಕೆಳಗೆ ಚರಗುಟ್ಟಿತು, ಒಂದು ಕಾಲು ನೆಲಕ್ಕೆ ತಾಗಿ ಮೇಲೆದ್ದಿತು. ಬಲ ಸೊಂಟದ ಮೇಲೆ ಚೀಲ ಮೆತ್ತಗೆ ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಅವಳು, ಯಾರೋ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ ಎಂಬಂತೆ, ಬೆನ್ನನ್ನು ಒಂದಿಷ್ಟು ಆ ಕಡೆಗೆ ತಂದಳು. ಬ್ರೇಕು ಹಿಡಿದು, ಬಿಟ್ಟು, ಹಿಡಿದು, ಬಿಟ್ಟು. ತಿರುವು ಬಂತು. ತಿರುವು ಹೋಯಿತು.

ಸೇತುವೆ ಅವಳು ಅಂದುಕೊಂಡಿದ್ದಕ್ಕಿಂತ ಸಣ್ಣದಿತ್ತು. ಹೊಳೆ ದೊಡ್ಡದಿತ್ತು.

ವಾರಗಿತ್ತಿಯರು ದಡದ ಕಲ್ಲಿನ ಮೇಲೆ ಕೂತು ಬನ್ನಿನ ಪೊಟ್ಟಣ ಬಿಚ್ಚುತ್ತಿದ್ದರು. "ಹಾಲಕ್ಕಾ, ಬನ್ನಿ, ತಣ್ಣಗಾಗುತ್ತೆ!" ಎಂದು ಕಿರಿಯವಳು ಕೂಗಿದಳು. ಬೆಳಗಿನಿಂದಲೂ ಬನ್ನು ತಣ್ಣಗೇ ಇತ್ತು.

"ಬಂದೆ," ಅಂದಳು ಹಾಲಕ್ಕ. ಆದರೆ ಹೋಗಲಿಲ್ಲ. ಸೈಕಲ್ಲನ್ನು ಕಟಕಟೆಗೆ ಒರಗಿಸಿ, ಚೀಲದಿಂದ ಗುಂಡನ್ನು ತೆಗೆದಳು. ದಾರದ ತುದಿಯನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡು, ಗುಂಡನ್ನು ಸೇತುವೆಯ ಆಚೆಗೆ ನಿಧಾನವಾಗಿ ಇಳಿಬಿಟ್ಟಳು. ಗಾಳಿಗೆ ಅದು ಆ ಕಡೆ ಈ ಕಡೆ ಆಡಿತು. ಅವಳು ಅವಸರ ಮಾಡಲಿಲ್ಲ. ಕೆಳಗೆ ನೀರು ಹೋಗುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ದಾರ ನಿಂತಿತು, ಗುಂಡಿನ ಮೂತಿ ನೆಟ್ಟಗೆ ಹೊಳೆಯ ನಡುವನ್ನು ತೋರಿಸುತ್ತಾ.